ಮರಿ ಹೇಗಿದೆ?

ಏಪ್ರಿಲ್ 3, ಗುರುವಾರ

ಅಮ್ಮನನ್ನು ತೋರಿಸುವ ಮರೆವಿನ ಕಾಯಿಲೆಯ ಕ್ಲಿನಿಕ್ಕಿನ ನರ್ಸಮ್ಮನ ಒತ್ತಾಯಕ್ಕೆ ಇದನ್ನು ಶುರುಮಾಡಿದ್ದೇನೆ. ಮನೆಯಲ್ಲಿ ಇಂಥವರನ್ನು ನೋಡಿಕೊಳ್ಳುವವರು ಆಗಾಗ ನಾಲ್ಕು ಸಾಲಾದರೂ ಬರೆದುಕೊಳ್ಳಬೇಕಂತೆ, ಎದೆ ಹಗುರಾಗುತ್ತದಂತೆ. ಹಾಗಿದ್ದರೆ ಲೋಕದ ಗುಮಾಸ್ತರೆಲ್ಲ ಗಾಳಿಯಲ್ಲಿ ತೇಲಾಡುತ್ತಿರಬೇಕಿತ್ತು. ಇರಲಿ, ನೋಡೋಣ.

ಇವತ್ತು ಅಮ್ಮನ ಗೌಜಲಕ್ಕಿ ಮೊಟ್ಟೆಗಳು ಒಡೆದವು. ಅವನ್ನು ಯಾವಾಗ ಕಾವಿಗಿಟ್ಟಳೋ ನನಗೆ ಗೊತ್ತಿಲ್ಲ, ಅವಳಿಗೂ ನೆನಪಿಲ್ಲ. ಹೋದ ವಾರ ಉಗ್ರಾಣಕ್ಕೆ ಜಾಮ್ ಸೀಸೆ ತರಲು ಹೋದಾಗ ಮೂಲೆಯಲ್ಲಿ ಕಾವು ಕೊಡುವ ಯಂತ್ರ ಗುಂಯ್‌ಗುಡುತ್ತಿತ್ತು. ಸ್ವಿಚ್ಚಿನ ಮೇಲೆ ಕೈಯಿಟ್ಟೆ, ಆರಿಸಲು ಮನಸ್ಸು ಬರಲಿಲ್ಲ. ಹಿಂದಿನ ವರಾಂಡದ ಗೂಡಿನಲ್ಲಿರುವ ಹಕ್ಕಿಗಳಿಗೆ ಕಾಳು ನೀರು ನೋಡುವುದೇ ಸಾಕಾಗಿದೆ, ಅದರ ಮೇಲೆ ಈಗ ಇವು. ದೊಡ್ಡ ದುಂಬಿಯಷ್ಟು ಗಾತ್ರ, ಕಂದು ಮೈ, ಹಳದಿ ಪಟ್ಟೆ. ಮೈ ಒಣಗಿದ್ದೇ ತಡ, ಓಟ ಶುರು.

ಒಂದು ಮಾತ್ರ ಓಡಲಿಲ್ಲ. ಅದರ ತಲೆ ಹಿಂದಕ್ಕೆ ಮಡಚಿ ಬೆನ್ನಿಗೆ ತಾಗಿಕೊಂಡಿತ್ತು, ಕೊಕ್ಕು ಮೇಲಕ್ಕೆ. ಹೆಜ್ಜೆ ಇಡಲು ಹೋದರೆ ಹಿಂದಕ್ಕೆ ಸರಿಯುತ್ತದೆ, ಮಗುಚಿ ಬೀಳುತ್ತದೆ. ಮೊದಲು ಕಂಡವಳು ಅಮ್ಮ. ಬೆಳಗಿನ ತಿಂಡಿ ತಿಂದಿದ್ದು ಅವಳಿಗೆ ನೆನಪಿರುವುದಿಲ್ಲ, ಆದರೆ ಇದನ್ನು ಬಾಗಿಲಲ್ಲಿ ನಿಂತೇ ಕಂಡಳು.

“ಅದರ ಕತ್ತು ತಿರುಚಿದೆ ನೋಡು,” ಅಂದಳು. ಮರುಗಳಿಗೆಯಲ್ಲೇ, ಈ ಹಕ್ಕಿಗಳು ಯಾರವು, ನಮ್ಮ ಮನೆಯಲ್ಲಿ ಯಾಕಿವೆ ಎಂದು ಕೇಳಿದಳು. ನಿನ್ನವೇ, ನಾನು ಹೈಸ್ಕೂಲಿಗೆ ಹೋಗುವಾಗಿಂದ ಸಾಕುತ್ತಿದ್ದೀಯ ಎಂದೆ. ಅವಳ ಮುಖ ಸಣ್ಣದಾಯಿತು. ಆದರೂ ನಾನು ತಿದ್ದುತ್ತೇನೆ. ಯಾರಾದರೂ ತಿದ್ದಬೇಕಲ್ಲ.

ಏಪ್ರಿಲ್ 4, ಶುಕ್ರವಾರ

ಹಿಮ ಕರಗಿ ರಸ್ತೆಯೆಲ್ಲ ಗಂಜಿ. ಬೆಟ್ಟದ ತಿರುವಿನಲ್ಲಿ ನಾನು ಓಡಿಸುವ ಸ್ಕೂಲ್ ಬಸ್ಸಿನ ಹಿಂದಿನ ಚಕ್ರ ಹೂತುಹೋಯಿತು. ಮಕ್ಕಳು ಹಬ್ಬ ಬಂದ ಹಾಗೆ ಕೇಕೆ ಹಾಕುತ್ತಿರುವಾಗ ಯಾರದೋ ಟ್ರ್ಯಾಕ್ಟರ್ ಬಂದು ಎಳೆದು ಹಾಕಿತು. ಬೆಳಿಗ್ಗೆ ಮತ್ತು ಮಧ್ಯಾಹ್ನ ನಾನು ಬಸ್ಸಿನಲ್ಲಿರುವಷ್ಟು ಹೊತ್ತು ಪಕ್ಕದ ಮನೆಯ ಲುಸೀಲ್ ಬಂದು ಅಮ್ಮನ ಜೊತೆ ಕೂರುತ್ತಾಳೆ. ನನ್ನ ಜೊತೆ ಓದಿದವಳು. ಬಾಯಿಗೆ ಬೀಗವಿಲ್ಲ, ಕೈಗೆ ಬಿಡುವಿಲ್ಲ.

ಮನೆಗೆ ಬಂದರೆ ಮರಿ ಪೆಟ್ಟಿಗೆಯಲ್ಲಿರಲಿಲ್ಲ. ಉಳಿದ ಮರಿಗಳೆಲ್ಲ ಸೇರಿ ಅದರ ಕಾಲ್ಬೆರಳು ಕುಕ್ಕುತ್ತಿದ್ದವಂತೆ. ಅಮ್ಮ ಅದನ್ನೆತ್ತಿ ತನ್ನ ಉಣ್ಣೆಯ ಟೋಪಿಯೊಳಗೆ ಹಾಕಿಕೊಂಡು ಸೌದೆ ಒಲೆಯ ಪಕ್ಕ ಕೂತಿದ್ದಳು. ಒಂಟಿಯಾದ್ದರಿಂದ ಅದು ಒಂದೇ ಸಮನೆ ಕಿಚಿಗುಡುತ್ತಿತ್ತು. ಅಮ್ಮ ಎದ್ದು ಹೋಗಿ ತನ್ನ ಪೌಡರ್ ಡಬ್ಬಿಯ ಕನ್ನಡಿ ತಂದು ಟೋಪಿಯಲ್ಲಿ ನಿಲ್ಲಿಸಿದಳು. ಇನ್ನೊಂದು ಮರಿ ಕಂಡಿತೆಂದು ಅದು ಸುಮ್ಮನಾಯಿತು. ಇದನ್ನು ಅವಳಿಗೆ ಯಾರೂ ನೆನಪಿಸಲಿಲ್ಲ.

ಲುಸೀಲ್ ಬಗ್ಗಿ ನೋಡಿ, “ನನ್ನ ಗಂಡನಿಗೂ ಇದೇ ಕಾಯಿಲೆ ಕಣೆ. ನಾನು ಕರೆದ್ರೆ ಸಾಕು, ಕತ್ತು ಆ ಕಡೆ ತಿರುಗಿಬಿಡುತ್ತೆ,” ಅಂದಳು. ಅಮ್ಮ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಅವಳು ಹಾಗೆ ನಕ್ಕು ಎಷ್ಟು ದಿನವಾಗಿತ್ತೋ.

ಕತ್ತು ಸರಿಹೋಗಲೆಂದು ವಿಟಮಿನ್ ಮಾತ್ರೆಯನ್ನು ಸೂಜಿಯಲ್ಲಿ ಚುಚ್ಚಿ, ಒಳಗಿನ ಎಣ್ಣೆಯ ಹನಿ ತೆಗೆದು ಕೊಕ್ಕಿಗೆ ಸವರಿದೆವು. ಅಮ್ಮ ಮರಿಯನ್ನು ಎಡಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ತಲೆಯನ್ನು ಒತ್ತದೆ, ಎಳೆಯದೆ, ಸುಮ್ಮನೆ ಆಸರೆ ಕೊಟ್ಟಳು. ಕತ್ತು ನಿಧಾನವಾಗಿ ತಾನಾಗಿ ಬಿಚ್ಚಿಕೊಂಡಿತು. ಬೆರಳ ತುದಿಯಲ್ಲಿ ನೀರಿನ ಹನಿ ತೂಗಿಸಿ ಕೊಕ್ಕಿನ ಪಕ್ಕಕ್ಕೆ ತಾಗಿಸಿದಳು. ಗಂಟಲಿಗೆ ಹೊಯ್ಯಬಾರದು, ಉಸಿರು ಕಟ್ಟುತ್ತೆ, ಅದೇ ಹೀರಬೇಕು ಎಂದು ನನಗೆ ಹೇಳಿಕೊಟ್ಟಳು. ಆಮೇಲೆ ನೀರು ಕುಡಿಸಿದ್ದನ್ನು ಮರೆತು ಮತ್ತೆ ಕುಡಿಸಿದಳು, ಮತ್ತೆ ಮರೆತಳು. ಕೊನೆಗೆ ಟೋಪಿಯನ್ನು ನನ್ನ ಕೋಣೆಗೆ ಒಯ್ಯಬೇಕಾಯಿತು.

ಏಪ್ರಿಲ್ 6, ಭಾನುವಾರ

ಚರ್ಚಿನಿಂದ ಬಂದು ಕೋಟು ಬಿಚ್ಚುವಾಗ ಅಮ್ಮ, ಮಾರ್ಗೊ ಇವತ್ತು ಯಾಕೆ ಬರಲಿಲ್ಲ ಎಂದು ಕೇಳಿದಳು. ಮಾರ್ಗೊ ಅವಳ ತಂಗಿ, ನನ್ನ ಚಿಕ್ಕಮ್ಮ. ತೀರಿಕೊಂಡು ಎರಡು ಚಳಿಗಾಲ ಕಳೆದಿವೆ. ಹೇಳಿದೆ. ಒಂದು ತೋಳು ಕೋಟಿನಲ್ಲಿ, ಒಂದು ಹೊರಗೆ, ಹಾಗೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಲೈಲ್ ಬಾಸ್ಟನ್ನಿನಿಂದ ಪ್ರತಿ ಭಾನುವಾರದಂತೆ ಫೋನ್ ಮಾಡಿದಾಗ ಇದನ್ನು ಹೇಳಿದೆ. ನನ್ನ ತಮ್ಮನಿಗೆ ಎಲ್ಲದಕ್ಕೂ ಉತ್ತರವಿರುತ್ತದೆ.

“ಹೂಂ ಅಂದ್ರೆ ನಿನ್ನ ಗಂಟೇನು ಹೋಗುತ್ತೆ ಕೊರಿನ್? ಮಾರ್ಗೊ ಅಂಗಡಿಗೆ ಹೋಗಿದಾಳೆ ಅಂದುಬಿಡು. ಅಮ್ಮನ ಜೊತೆ ನಡ್ಕೊಂಡು ಹೋಗು, ಎಳ್ಕೊಂಡು ಹೋಗ್ಬೇಡ.”

“ಅವಳ ಹತ್ರ ಸುಳ್ಳು ಹೇಳೋಕೆ ಶುರುಮಾಡಿದ ದಿನ ಅವಳನ್ನ ಹೂತ ಹಾಗೇ ಲೈಲ್. ಅವಳಿನ್ನೂ ಇದಾಳೆ,” ಎಂದೆ.

ಅವನು ಕೆರೆಯ ಹತ್ತಿರ ಇಂಥ ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಆರೈಕೆ ಮನೆಯ ವಿಷಯ ತೆಗೆಯುವವನಿದ್ದ, ಗಂಟಲು ಸರಿಪಡಿಸಿಕೊಳ್ಳುವುದು ಕೇಳಿಸಿತು. ಒಲೆಯ ಮೇಲೆ ಹಾಲಿದೆ ಎಂದು ಹೇಳಿ ಫೋನ್ ಇಟ್ಟುಬಿಟ್ಟೆ. ಹಾಲೇನೂ ಇರಲಿಲ್ಲ.

ಏಪ್ರಿಲ್ 8, ಮಂಗಳವಾರ

ಮರಿ ನಿಂತಿತು! ತಲೆ ಒಂದಿಷ್ಟು ವಾರೆ, ಅಷ್ಟೇ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಅಮ್ಮನ ಉಗುರಿನಿಂದ ತಾನೇ ಕುಕ್ಕಿ ತಿಂದಿತು.

ಅಮ್ಮನೂ ಇಡೀ ದಿನ ಚೆನ್ನಾಗಿದ್ದಳು. ನನ್ನನ್ನು ಹೆಸರು ಹಿಡಿದು ಕರೆದಳು. ಮಧ್ಯಾಹ್ನ ಹಿಟ್ಟು ಕಲಸಿ ದೋಸೆಯಂಥ ಪ್ಯಾನ್‌ಕೇಕ್ ಹುಯ್ದಳು, ಲುಸೀಲ್‌ಗೆ ಮೇಪಲ್ ಪಾಕ ಬಡಿಸುತ್ತಾ, ನೀನು ಚಿಕ್ಕವಳಿದ್ದಾಗ ಸಿಹಿ ರಸ ಇಳಿಸಲೆಂದು ನಮ್ಮ ಮೇಪಲ್ ಮರಕ್ಕೆ ಕಟ್ಟಿದ ಬಕೆಟ್ಟಿಗೆ ಬಾಯಿ ಹಾಕಿ ಕುಡೀತಿದ್ದೆ, ನನಗೆ ಗೊತ್ತಿಲ್ಲ ಅಂದುಕೊಂಡಿದ್ದೆಯಾ ಎಂದು ಕಾಲೆಳೆದಳು. ಲುಸೀಲ್ ಕೆಂಪಗಾದಳು. ಐವತ್ತರ ಹೆಂಗಸು.

ಒಳ್ಳೆಯ ದಿನ. ಬೇರೇನೂ ಬರೆಯುವುದಿಲ್ಲ.

ಏಪ್ರಿಲ್ 10, ಗುರುವಾರ

ಮರಿ ಮತ್ತೆ ತಿರುಚಿಕೊಂಡಿದೆ. ಮೊದಲಿಗಿಂತ ಹೆಚ್ಚು. ಟೋಪಿಯೊಳಗೆ ಚಕ್ರದ ಹಾಗೆ ಉರುಳುತ್ತದೆ, ಕಾಲು ಗಾಳಿಯಲ್ಲಿ ಒದೆಯುತ್ತದೆ. ನೀರಿನ ಹನಿ ಕೊಕ್ಕಿನಿಂದ ಹಾಗೇ ಜಾರಿಹೋಗುತ್ತದೆ. ಒಂದು ಸಣ್ಣ ಬಟ್ಟೆಯನ್ನು ಸಿಂಬಿ ಸುತ್ತಿ ನಡುವೆ ಕೂರಿಸಿದರೆ ಸ್ವಲ್ಪ ಹೊತ್ತು ಉರುಳದೆ ಇರುತ್ತದೆ.

ಲುಸೀಲ್ ನನ್ನನ್ನು ಉಗ್ರಾಣಕ್ಕೆ ಕರೆದುಕೊಂಡು ಹೋದಳು. “ನನ್ನ ಕೈಗೆ ಕೊಡು. ಕಣ್ಣು ಮಿಟುಕಿಸೋದ್ರೊಳಗೆ ಮುಗಿಸ್ತೀನಿ. ನಿಮ್ಮಮ್ಮ ಹಿಂದಿನ ಅಡೀಲ್ ಆಗಿದ್ರೆ ಇಷ್ಟೊತ್ತಿಗೆ ತಾನೇ ಮಾಡಿ, ಕೈ ತೊಳ್ಕೊಂಡು, ಕಾಫಿಗಿಡೋಳು.”

ನಿಜ. ಅಮ್ಮ ಹಕ್ಕಿಗಳನ್ನು ಮುದ್ದಿಸಿದವಳಲ್ಲ. ನರಳುವುದನ್ನು ನರಳಲು ಬಿಟ್ಟವಳೂ ಅಲ್ಲ. ಆದರೆ ನಾನು ಹೋಗಿ ಮೆಲ್ಲಗೆ ಕೇಳಿದಾಗ ಈ ಅಮ್ಮ ಟೋಪಿಯ ಮೇಲೆ ಎರಡೂ ಕೈ ಮುಚ್ಚಿ, ನನ್ನನ್ನು ಯಾರೋ ಕಳ್ಳಿಯನ್ನು ನೋಡುವ ಹಾಗೆ ನೋಡಿದಳು. ಬಿಟ್ಟುಬಿಟ್ಟೆ.

ಏಪ್ರಿಲ್ 11, ಶುಕ್ರವಾರ

ಮರಿ ಸತ್ತುಹೋಯಿತು. ನಾನು ಬಸ್ಸಿನಲ್ಲಿದ್ದೆ. ಅಮ್ಮನ ಅಂಗೈಯಲ್ಲೇ ಒಂದು ಸಲ ಕಾಲು ಚಾಚಿತಂತೆ, ಅಷ್ಟೇ. ಆಮೇಲೆ ಕತ್ತು ನೆಟ್ಟಗಾಯಿತಂತೆ. ಲುಸೀಲ್ ಇದನ್ನು ಬಾಗಿಲಲ್ಲೇ ನನಗೆ ಪಿಸುಗುಟ್ಟಿ ಹೇಳಿ, ಮೂಗು ಒರೆಸಿಕೊಂಡು ಮನೆಗೆ ಹೋದಳು.

ನಾನು ಬರುವವರೆಗೂ ಅಮ್ಮ ಕೈ ಬಿಚ್ಚಿರಲಿಲ್ಲ. ಪಕ್ಕದಲ್ಲಿ ಕೂತೆ. “ಪ್ರಯತ್ನ ಪಟ್ಟಿತು ಪಾಪ,” ಅಂದಳು. ಆಮೇಲೆ ತಾನಾಗಿ ನನ್ನ ಕೈಗೆ ಕೊಟ್ಟಳು. ಏನೂ ಭಾರವಿರಲಿಲ್ಲ. ಹಿತ್ತಿಲ ಲೈಲಾಕ್ ಹೂಗಿಡದ ಬುಡದಲ್ಲಿ ಅಗೆದೆ. ಮೇಲೆ ಕೆಸರು, ಕೆಳಗೆ ಇನ್ನೂ ಮಂಜುಗಡ್ಡೆ. ಗುದ್ದಲಿ ಟಣ್ ಅಂದಿತು. ಆದಷ್ಟು ಆಳಕ್ಕೆ ಇಟ್ಟು ಮುಚ್ಚಿದೆ. ಇಬ್ಬರೂ ಅತ್ತೆವು. ಅಮ್ಮ ನನ್ನ ಬೆನ್ನು ಸವರಿದಳು. ಎಷ್ಟೋ ತಿಂಗಳ ಮೇಲೆ ಅವಳೇ ನನ್ನನ್ನು ಸಮಾಧಾನಪಡಿಸಿದ್ದು.

ಏಪ್ರಿಲ್ 12, ಶನಿವಾರ

ಕಾಫಿ ಲೋಟ ಕೈಗೆ ಕೊಡುವಾಗ ಕೇಳಿದಳು, “ಮರಿ ಹೇಗಿದೆ?”

ನಿನ್ನೆ ಸತ್ತುಹೋಯಿತಮ್ಮ ಎಂದೆ. ಲೋಟ ಕೆಳಗಿಟ್ಟಳು. ಆಗ ಅದು ಯಾರ ಹತ್ತಿರ ಇತ್ತು, ಒಂಟಿಯಾಗಿತ್ತಾ ಎಂದಳು. ನಿನ್ನ ಕೈಯಲ್ಲೇ ಇತ್ತು ಎಂದೆ. ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ನಿನ್ನೆಗಿಂತ ಹೆಚ್ಚು ಅತ್ತಳು. ನಿನ್ನೆ ಅವಳು ಅದರ ಜೊತೆಗಿದ್ದಳು, ಇವತ್ತು ಇರಲಿಲ್ಲ.

ಏಪ್ರಿಲ್ 13, ಭಾನುವಾರ

ಕೇಳಿದಳು. ಹೇಳಿದೆ. ಅತ್ತಳು.

ಏಪ್ರಿಲ್ 14, ಸೋಮವಾರ

ಇವತ್ತೂ.

ಏಪ್ರಿಲ್ 15, ಮಂಗಳವಾರ

ಕಣ್ಣಾರೆ ಕಂಡರೆ ನೆನಪಿನಲ್ಲಿ ನಿಂತೀತು ಅಂದುಕೊಂಡು ಲೈಲಾಕ್ ಗಿಡದ ಹತ್ತಿರ ಕರೆದುಕೊಂಡು ಹೋದೆ. ಮೇಲೆ ಒಂದು ಚಪ್ಪಟೆ ಕಲ್ಲು ಇಟ್ಟಿದ್ದೆ. ಇಲ್ಲಿದೆ ನೋಡಮ್ಮ ಎಂದೆ.

“ಇಷ್ಟು ಚಳೀಲಿ ಅದನ್ನ ಯಾರು ಹೊರಗಿಟ್ಟೋರು?” ಎಂದು ಕೇಳಿದಳು. ನಾನು ಉತ್ತರ ಹುಡುಕುವಷ್ಟರಲ್ಲಿ ಮಂಡಿಯೂರಿ ಕಲ್ಲು ಸರಿಸಿ ಎರಡೂ ಕೈಯಿಂದ ಕೆಸರು ಬಗೆಯತೊಡಗಿದಳು. ಹಿಂದಿನಿಂದ ಹಿಡಿದು ಎತ್ತಿದೆ. ಅಷ್ಟು ತೆಳ್ಳಗಾಗಿದ್ದರೂ ಅವಳಲ್ಲಿ ಎಲ್ಲಿತ್ತೋ ಆ ಶಕ್ತಿ, ನಾನೂ ಅವಳೂ ಕೆಸರಿನಲ್ಲಿ ಬಿದ್ದೆವು. ಬಿಡು, ಅದು ತಣ್ಣಗಾಗಿಬಿಡುತ್ತೆ, ಬಿಡು ಎನ್ನುತ್ತಲೇ ಇದ್ದಳು.

ಒಳಗೆ ಬಿಸಿನೀರಿನಲ್ಲಿ ಅವಳ ಕೈ ಇಟ್ಟು ಉಗುರಿನ ಸಂದಿಯ ಮಣ್ಣು ತೆಗೆದೆ. ಅಷ್ಟೊತ್ತಿಗೆ ಅವಳಿಗೆ ಮರೆತಿತ್ತು. ತೋಟದಲ್ಲಿ ಏನು ನೆಟ್ಟೆವು ಎಂದು ಕೇಳಿದಳು.

ಏಪ್ರಿಲ್ 17, ಗುರುವಾರ

ಬಸ್ಸಿಗೆ ತಡವಾಗಿತ್ತು. ಲುಸೀಲ್ ಅಂಗಳಕ್ಕೆ ಬರುತ್ತಿದ್ದಳು, ನಾನು ಒಂದು ಕಾಲಿಗೆ ಬೂಟು ಹಾಕಿ ಇನ್ನೊಂದನ್ನು ಹುಡುಕುತ್ತಿದ್ದೆ. ಮರಿ ಹೇಗಿದೆ ಎಂದಳು ಅಮ್ಮ.

“ಮಲಗಿದೆ,” ಎಂದೆ.

ತಲೆಯಾಡಿಸಿ ಕಾಫಿ ಕುಡಿದಳು.

ಇದನ್ನು ಸುಳ್ಳು ಎನ್ನಲಾಗದು. ಸತ್ತವರ ಬಗ್ಗೆ ಪಾದ್ರಿಗಳೂ ಹೀಗೇ ಹೇಳುತ್ತಾರೆ. ಅಲ್ಲದೆ ಹೊತ್ತಾಗಿತ್ತು. ನಾಳೆ ಕೂತು ಸರಿಯಾಗಿ ಹೇಳುತ್ತೇನೆ.

ಏಪ್ರಿಲ್ 20, ಈಸ್ಟರ್ ಭಾನುವಾರ

ಲೈಲ್ ಬಂದಿದ್ದ. ಬಿಳಿ ಲಿಲ್ಲಿ ಹೂವಿನ ಕುಂಡ, ಅಮ್ಮನಿಗೆ ಹೊಸ ಸ್ವೆಟರ್, ಬಾಯಿ ತುಂಬ ಮಾತು. ಅಮ್ಮ ಮರಿಯನ್ನು ಕೇಳಿದರೆ, “ಅದಕ್ಕೇನಮ್ಮ, ಇನ್ನೆರಡು ದಿನ ಬಿಟ್ರೆ ನನ್ನ ಕಾರು ಓಡಿಸುತ್ತೆ” ಎಂದ. ಅವಳು ನಕ್ಕಳು. ನನ್ನ ಕಡೆ ನೋಡಿ ಹುಬ್ಬೇರಿಸಿದ, ನೋಡು ಎಷ್ಟು ಸುಲಭ ಎನ್ನುವ ಹಾಗೆ. ನಾನು ಆಲೂಗಡ್ಡೆ ಹಿಚುಕುತ್ತಿದ್ದೆ, ಇನ್ನಷ್ಟು ಹಿಚುಕಿದೆ.

ಊಟಕ್ಕೆ ಕೂತು ಮಾಂಸ ಕತ್ತರಿಸುವಾಗ ಅಮ್ಮ ಅವನ ಕಡೆ ಬಾಗಿ, ಗೊತ್ತಿಲ್ಲದವರನ್ನು ಉಪಚರಿಸುವ ದನಿಯಲ್ಲಿ, ನಿಮ್ಮ ಮನೆ ಯಾವ ಕಡೆ, ಹೆಂಡತಿ ಮಕ್ಕಳು ಇದ್ದಾರಾ ಎಂದು ಕೇಳಿದಳು.

“ಅಮ್ಮ, ನಾನು ಲೈಲ್,” ಎಂದ.

ಒಳ್ಳೆಯ ಹೆಸರು ಎಂದಳು ಅಮ್ಮ.

“ಅಮ್ಮ, ಲೈಲ್. ನಿನ್ನ ಮಗ. ನೋಡು ನನ್ನ.” ಚಾಕು ಕೆಳಗಿಟ್ಟು ಅವಳ ಮಣಿಕಟ್ಟು ಹಿಡಿದುಕೊಂಡ. “ನೋಡಮ್ಮ. ಸರಿಯಾಗಿ ನೋಡು.”

ಅವಳು ಹೆದರಿ ನನ್ನ ಕಡೆ ತಿರುಗಿದಳು. ನಾನು ಮೇಜಿನ ಕೆಳಗೆ ಅವನ ಕಾಲು ಒದ್ದೆ. “ಹೂಂ ಅನ್ನು,” ಎಂದೆ. ಅವನು ಕೈ ಬಿಟ್ಟ. ಬಾಸ್ಟನ್ನಿನಲ್ಲಿದ್ದೇನೆ, ಹೆಂಡತಿ ಇದ್ದಾಳೆ, ಎರಡು ಹೆಣ್ಣುಮಕ್ಕಳು ಎಂದ. ನಿಮ್ಮ ತಾಯಿಗೆ ಸಂತೋಷವಾಗಿರಬೇಕು ಎಂದಳು ಅಮ್ಮ. ಹೌದು ಎಂದ.

ಹೊರಡುವ ಮುಂಚೆ ಅವನು ಕಾರಿನಲ್ಲಿ ಬಹಳ ಹೊತ್ತು ಎಂಜಿನ್ ಶುರುಮಾಡದೆ ಕೂತಿದ್ದ. ಹೋಗಿ ಗಾಜು ತಟ್ಟಲೋ ಬೇಡವೋ ಎಂದು ಅಡುಗೆಮನೆಯ ಕಿಟಕಿಯಲ್ಲಿ ನಿಂತೆ. ಆಮೇಲೆ ಉಳಿದ ಮಾಂಸವನ್ನು ಕಟ್ಟಿಕೊಂಡು ಹೋಗಿ ಕೊಟ್ಟೆ.

ಏಪ್ರಿಲ್ 22, ಮಂಗಳವಾರ

ಶಾಲೆಗೆ ರಜೆಯ ವಾರ, ಬಸ್ಸಿಲ್ಲ. ಉಳಿದ ಮರಿಗಳ ಮೈಯಲ್ಲಿ ಪುಕ್ಕ ತುಂಬಿದೆ. ಪೆಟ್ಟಿಗೆಯ ಮುಚ್ಚಳ ತೆಗೆದರೆ ಮೂಗಿಗೇ ಹಾರುತ್ತವೆ. ನೀರಿನ ತಟ್ಟೆಯಲ್ಲಿ ಮುಳುಗದಿರಲೆಂದು ಹಾಕಿದ್ದ ಗೋಲಿಗಳನ್ನು ತೆಗೆದೆ.

ಅಮ್ಮ ಕೇಳಿದಳು. ತಿನ್ನುತ್ತಿದೆ ಎಂದೆ. ಏನು ತಿನ್ನುತ್ತಿದೆ ಎಂದಳು. ಮೊಟ್ಟೆಯ ಹಳದಿ, ಸ್ವಲ್ಪ ನುಚ್ಚು ಎಂದೆ. ಕತ್ತು? ಸ್ವಲ್ಪ ವಾರೆ ಇದೆ, ಪರವಾಗಿಲ್ಲ. ಅವಳು ಒಂದು ಚಮಚ ಗಂಜಿಯನ್ನೂ ಉಳಿಸದೆ ತಿಂದಳು.

ಏಪ್ರಿಲ್ 25, ಶುಕ್ರವಾರ

ನಾನು ಎಬ್ಬಿಸಲು ಹೋದಾಗ ಅವಳು ಕೇಳುವ ಮುಂಚೆ ನಾನೇ ಹೇಳಿದೆ: ಮರಿಗೆ ರೆಕ್ಕೆಯ ಪುಕ್ಕ ಬಂದಿದೆ, ಇವತ್ತು ಮಣ್ಣಿನ ತಟ್ಟೆಯಲ್ಲಿ ಹೊರಳಾಡಿ ಕಣ್ಣು ಮುಚ್ಚಿಕೊಂಡು ಬಿದ್ದಿತ್ತು ಎಂದೆ. ಒಲೆಯ ಪಕ್ಕ ಕೂತು ಇದನ್ನೇ ಮಾತಾಡಿಕೊಂಡು ಮಧ್ಯಾಹ್ನದವರೆಗೂ ಕಳೆದೆವು. ಹೆಣ್ಣಿರಬೇಕು ಎನ್ನುತ್ತಾಳೆ ಅಮ್ಮ. ನನಗೂ ಹಾಗೇ ಅನ್ನಿಸುತ್ತದೆ, ಎದೆಯ ಮೇಲೆ ಚುಕ್ಕಿ ಬರುವ ಲಕ್ಷಣವಿದೆ.

ಹಿತ್ತಿಲಿನ ಹಿಮವೆಲ್ಲ ಹೋಯಿತು.

ಏಪ್ರಿಲ್ 28, ಸೋಮವಾರ

ಮಕ್ಕಳನ್ನು ತುಂಬಿಕೊಂಡು ಶಾಲೆಗೆ ಹೊರಟಿದ್ದೆ. ನಮ್ಮ ರಸ್ತೆ ಮುಖ್ಯ ರಸ್ತೆಗೆ ಸೇರುವ ಕಡೆ, ನಡುರಸ್ತೆಯಲ್ಲಿ, ಮನೆಯ ಚಪ್ಪಲಿಯಲ್ಲಿ, ರಾತ್ರಿಯಂಗಿಯ ಮೇಲೆ ಲೈಲ್ ತಂದ ಸ್ವೆಟರ್ ಹಾಕಿಕೊಂಡು ಅಮ್ಮ ಬರುತ್ತಿದ್ದಳು. ಲುಸೀಲ್ ಸೌದೆ ತರಲು ಕೊಟ್ಟಿಗೆಗೆ ಹೋದ ಹೊತ್ತಿನಲ್ಲಿ ಹೊರಟಿದ್ದಾಳೆ. ಎದೆಗೆ ಉಣ್ಣೆಯ ಟೋಪಿ ಅವಚಿಕೊಂಡಿದ್ದಳು. ಖಾಲಿ ಟೋಪಿ. ಲುಸೀಲ್ ಅವಳ ಹಿಂದೆ ಬಹಳ ದೂರದಲ್ಲಿ ಓಡಿ ಬರುತ್ತಿದ್ದಳು.

ಬ್ರೇಕ್ ಒತ್ತಿದೆ. ಬಸ್ಸು ಕೆಸರಿನಲ್ಲಿ ಅಡ್ಡ ಜಾರಿ ನಿಂತಿತು. ಅವಳಿಂದ ಎಷ್ಟು ದೂರ ನಿಂತಿತು ಎಂದು ನಾನು ಬರೆಯುವುದಿಲ್ಲ.

ಹೊರಗಿನವರನ್ನು ಬಸ್ಸಿಗೆ ಹತ್ತಿಸುವ ಹಾಗಿಲ್ಲ. ಹತ್ತಿಸಿದೆ. ನನ್ನ ಹಿಂದಿನ ಸೀಟಿನಲ್ಲಿ ಕೂರಿಸಿದೆ. ಬಸ್ಸಿನ ತುಂಬ ಗಲಾಟೆ, ಯಾರಜ್ಜಿ ಇದು, ಯಾಕೆ ಹೀಗಿದಾಳೆ ಎಂದು ಒಬ್ಬರ ಮೇಲೊಬ್ಬರು. ಅಮ್ಮ ಗಾಬರಿಯಿಂದ ಟೋಪಿಯನ್ನು ಬಗ್ಗಿ ಮುಚ್ಚಿಕೊಂಡಳು.

ನಾನು ಎದ್ದು ನಿಂತು ಮಕ್ಕಳ ಕಡೆ ತಿರುಗಿದೆ. “ಆ ಟೋಪಿಯೊಳಗೆ ಹಕ್ಕಿ ಮರಿ ಇದೆ. ಹುಷಾರಿಲ್ಲ ಅದಕ್ಕೆ, ಈಗ ತಾನೇ ನಿದ್ದೆ ಬಂದಿದೆ. ಯಾರೂ ಸದ್ದು ಮಾಡ್ಬೇಡಿ.”

ಮುಂದಿನ ಸಾಲಿನ ಪುಟ್ಟ ಹುಡುಗಿ ಕತ್ತು ಚಾಚಿ ಟೋಪಿಯೊಳಗೆ ನೋಡಿದಳು. ನನ್ನನ್ನು ನೋಡಿದಳು. ಅಮ್ಮನನ್ನು ನೋಡಿದಳು. ಆಮೇಲೆ ಹಿಂದಕ್ಕೆ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು. ಶಾಲೆಯವರೆಗೂ ಇಡೀ ಬಸ್ಸು ಪಿಟ್ಟೆನ್ನಲಿಲ್ಲ. ಇಷ್ಟು ವರ್ಷದಲ್ಲಿ ನಾನು ಅಂಥ ಬಸ್ಸು ಓಡಿಸಿಲ್ಲ.

ಅಮ್ಮನನ್ನು ಮನೆಗೆ ಕರೆತಂದ ಮೇಲೂ ಲುಸೀಲ್ ಸಂಜೆಯವರೆಗೆ ಅಡುಗೆಮನೆಯಲ್ಲಿ ಕೂತು ಅತ್ತಳು. ನಿನ್ನ ತಪ್ಪಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಅಮ್ಮ ಅವಳಿಗೆ ಬಿಸ್ಕತ್ತು ತಂದುಕೊಟ್ಟು, ಯಾಕಮ್ಮ, ಯಾರಾದರೂ ತೀರಿಕೊಂಡರಾ ಎಂದು ವಿಚಾರಿಸಿದಳು.

ಏಪ್ರಿಲ್ 29, ಮಂಗಳವಾರ

ಲೈಲ್‌ಗೆ ಫೋನ್ ಮಾಡಿ, ಕೆರೆಯ ಹತ್ತಿರದ ಆ ಮನೆಯಲ್ಲಿ ಅಮ್ಮನ ಹೆಸರು ಬರೆಸು ಎಂದೆ. ಸರಿ ಎಂದ. ನಾನು ಅಂದುಕೊಂಡ ಹಾಗೆ ಗೆದ್ದ ದನಿಯಲ್ಲಿ ಹೇಳಲಿಲ್ಲ. ಜೂನ್ ತಿಂಗಳಲ್ಲಿ ಒಂದು ಕೋಣೆ ಖಾಲಿಯಾಗಬಹುದಂತೆ. ಕೋಣೆ ಹೇಗೆ ಖಾಲಿಯಾಗುತ್ತದೆ ಎಂದು ಇಬ್ಬರೂ ಮಾತಾಡಲಿಲ್ಲ.

ಮೇ 2, ಶುಕ್ರವಾರ

ಈಗೀಗ ನಾನು ಹೆಚ್ಚಾಗಿ ಮಾರ್ಗೊ. ಮಾರ್ಗೊ, ಉಪ್ಪು ಕೊಡು. ಮಾರ್ಗೊ, ಅಪ್ಪ ಹಾಲು ಕರೆದಾಯಿತಾ. ಆಯಿತು ಎನ್ನುತ್ತೇನೆ. ಅವರಿಬ್ಬರೂ ಚಿಕ್ಕಂದಿನಲ್ಲಿ ಹಸುಗಳಿಗೆ ಇಟ್ಟಿದ್ದ ಹೆಸರುಗಳು ನನಗೆ ಗೊತ್ತಿರಲಿಲ್ಲ, ಎಲ್ಲ ಹೇಳಿದಳು. ಒಂದು ಹಸುವಿಗೆ ಊರಿನ ಪಾದ್ರಿಯ ಹೆಂಡತಿಯ ಹೆಸರಿಟ್ಟಿದ್ದರಂತೆ. ಇಬ್ಬರೂ ನಕ್ಕೆವು.

ಹೊಸ ಹಕ್ಕಿಗಳನ್ನು ವರಾಂಡದ ಗೂಡಿಗೆ ಬಿಟ್ಟೆ. ಹಳೆಯವು ಒಂದಿಷ್ಟು ಜಗಳ ತೆಗೆದು ಸುಮ್ಮನಾದವು.

ಮೇ 4, ಭಾನುವಾರ

ವರಾಂಡದಲ್ಲಿ ಕೂರುವಷ್ಟು ಬಿಸಿಲು ಬಂದಿತ್ತು. ಅಮ್ಮನ ತಲೆ ತೊಳೆದು, ಬಿಸಿಲಿಗೆ ಕುರ್ಚಿ ಹಾಕಿ ಕೂರಿಸಿ ಹಿಂದೆ ನಿಂತು ಬಾಚುತ್ತಿದ್ದೆ. ಹಕ್ಕಿಗಳು ಗೂಡಿನಲ್ಲಿ ಮಣ್ಣು ಕೆದರುತ್ತಿದ್ದವು.

“ಮಾರ್ಗೊ, ಆ ಬಾಗಿಲು ಸ್ವಲ್ಪ ಮುಂದಕ್ಕೆ ಮಾಡು,” ಅಂದಳು.

ಹೋಗಿ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಬಂದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

“ಆ ಕತ್ತು ತಿರುಚಿದ ಮರಿ ಇತ್ತಲ್ಲ, ಅದು ಹೋಯ್ತು ಕಣೆ,” ಅಂದಳು ಮೆಲ್ಲಗೆ. “ನನ್ನ ಕೈಯಲ್ಲೇ ಹೋಯ್ತು.”

ಬಾಚಣಿಗೆ ಹಾಗೇ ನಿಂತಿತು. ಗೊತ್ತು ಅಂದೆನೋ, ಅಯ್ಯೋ ಅಂದೆನೋ, ಈಗ ಬರೆಯಲು ಕೂತರೆ ನೆನಪಾಗುತ್ತಿಲ್ಲ.

“ಕೊರಿನ್‌ಗೆ ಮಾತ್ರ ಹೇಳ್ಬೇಡ. ಪಾಪ, ಬೆಳಿಗ್ಗೆ ಎದ್ದರೆ ಅದರದ್ದೇ ಮಾತು. ಪುಕ್ಕ ಬಂತು, ಮಣ್ಣಲ್ಲಿ ಹೊರಳಾಡ್ತು ಅಂತ ಏನೇನೋ ಹೇಳ್ಕೊಂಡು ಕೂತಿರ್ತಾಳೆ. ನಾನೂ ಹೂಂ ಅಂತಿರ್ತೀನಿ.”

ಅವಳ ಒದ್ದೆ ಕೂದಲು ನನ್ನ ಮುಷ್ಟಿಯಲ್ಲಿತ್ತು. “ಸುಳ್ಳು ಹೇಳೋದಾ, ಅಡೀಲ್?” ಎಂದೆ. ಅಮ್ಮನನ್ನು ಹೆಸರು ಹಿಡಿದು ಕರೆದದ್ದು ಇದೇ ಮೊದಲು.

“ಚಿಕ್ಕವಳು ಕಣೆ ಅವಳು, ತಡ್ಕೊಳಲ್ಲ. ಸ್ವಲ್ಪ ದೊಡ್ಡವಳಾಗ್ಲಿ, ನಾನೇ ಕೂರಿಸ್ಕೊಂಡು ಹೇಳ್ತೀನಿ.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅವಳಿಗೆ ಸಮಾಧಾನವಾಯಿತು, ತಲೆಯನ್ನು ಹಿಂದಕ್ಕೆ ನನ್ನ ಹೊಟ್ಟೆಗೆ ಒರಗಿಸಿ ಬಿಸಿಲಿಗೆ ಕಣ್ಣು ಮುಚ್ಚಿದಳು. ಕೂದಲು ಒಣಗುವವರೆಗೂ ಹಾಗೇ ನಿಂತಿದ್ದೆ.

ಸಂಜೆ ಸೂಪು ಬಡಿಸುವಾಗ ಅವಳು ನನ್ನನ್ನು ಕೊರಿನ್ ಎಂದು ಕರೆದಳು. ಯಾಕೆ ಮುಖ ಬಾಡಿದೆ ಎಂದು ಕೇಳಿದಳು. ಏನಿಲ್ಲ ಎಂದೆ. ಇವತ್ತು ಅವಳು ಮರಿಯ ಮಾತೆತ್ತಿರಲಿಲ್ಲ. ನಾನೇ ಕೇಳಿದೆ.

“ಮರಿ ಹೇಗಿದೆ ಅಮ್ಮ?”

ಅವಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಕೈ ಒಂದು ಕ್ಷಣ ತಡೆದು ನಿಂತಿತು, ಮತ್ತೆ ಸವರಿತು.

“ಚೆನ್ನಾಗಿದೆ. ಚೆನ್ನಾಗಿ ತಿಂತಾ ಇದೆ,” ಅಂದಳು. ಬ್ರೆಡ್ಡಿನ ತುಂಡನ್ನು ನನ್ನ ತಟ್ಟೆಗೆ ಸರಿಸಿದಳು. “ನೀನು ತಿನ್ನು.”

ತಿಂದೆ.